ರೋಣದ ಹುಡುಗ, ರೇಡಿಯೋದ ಭೀಮಸೇನ

ಭೀಮಸೇನ ಜೋಶಿ ಅಂದ ಕೂಡಲೇ ನಮ್ಮ ಕ್ಲಾಸಿನ ಅರ್ಧ ಜನಕ್ಕೆ ನೆನಪಾಗೋದು ಶುಕ್ರವಾರ ಸಂಜೆ ಮನೆಯಲ್ಲಿ ಹಾಕುವ ಭಾಗ್ಯದ ಲಕ್ಷ್ಮಿ ಹಾಡು. ಉಳಿದರ್ಧ ಜನಕ್ಕೆ ಹಳೇ ದೂರದರ್ಶನದ ಮಿಲೇ ಸುರ್ ವಿಡಿಯೋದ ಶುರುವಿನಲ್ಲಿ ಹಾಡುವ ಅಜ್ಜ. ಅವರು ತೀರಿಕೊಂಡಾಗ ನಮ್ಮ ಬ್ಯಾಚಿನವರು ಇನ್ನೂ ನರ್ಸರಿಗೂ ಸೇರಿರಲಿಲ್ಲ. ಹಾಗಾಗಿ ನಮ್ಮ ಮಟ್ಟಿಗೆ ಅವರು ಕುವೆಂಪು, ಬೇಂದ್ರೆ ತರಹ ಬಹಳ ಹಿಂದಿನವರೇ. ಆದರೆ ಅವರು ಹುಟ್ಟಿದ್ದು ರೋಣದಲ್ಲಿ ಅನ್ನೋದು ನಮ್ಮ ಗದಗ ಜಿಲ್ಲೆಯ ಹುಡುಗರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಲೇಖನ.

ನಮ್ಮ ತಾಯಿಯ ಊರು ಗಜೇಂದ್ರಗಡ. ಈಗ ಅದು ಬೇರೆ ತಾಲೂಕು, ಮೊದಲು ರೋಣ ತಾಲೂಕಿನಲ್ಲೇ ಇತ್ತು. ಬಸ್ಸಿನಲ್ಲಿ ಹೋದರೆ ಎರಡೂ ಕಡೆ ಕಪ್ಪು ಎರೆಮಣ್ಣಿನ ಹೊಲ, ಕಡಲೆ, ಜೋಳ, ಸೂರ್ಯಕಾಂತಿ. ಈಗೀಗ ಗಾಳಿ ವಿದ್ಯುತ್ತಿನ ದೊಡ್ಡ ದೊಡ್ಡ ಫ್ಯಾನುಗಳು. ನರಗುಂದ ಅಂದರೆ ಬಾಬಾಸಾಹೇಬ, 1858ರ ಬಂಡಾಯ ಅಂತ ಪಾಠದಲ್ಲಿ ಬರುತ್ತೆ. ಗಜೇಂದ್ರಗಡ ಅಂದರೆ ಕೋಟೆ, ಕಾಲಕಾಲೇಶ್ವರ. ರೋಣ ಅಂದರೆ ಏನು ಅಂತ ಕೇಳಿದರೆ ಜನ ಸ್ವಲ್ಪ ಯೋಚನೆ ಮಾಡ್ತಾರೆ. ಯೋಚನೆ ಮಾಡಬೇಕಾಗಿಲ್ಲ. 1922ರ ಫೆಬ್ರವರಿ 4ರಂದು ಅಲ್ಲಿ ಒಂದು ಮಗು ಹುಟ್ಟಿತು, ಅದು ಮುಂದೆ ಭಾರತರತ್ನ ಆಯಿತು.

ಆಗ ರೋಣ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ತಂದೆ ಗುರುರಾಜ ಜೋಶಿ, ಶಾಲಾ ಮಾಸ್ತರರು. ತಾಯಿ ಗೋದಾವರಿಬಾಯಿ. ಮನೆಯಲ್ಲಿ ಒಟ್ಟು 16 ಮಕ್ಕಳು, ಭೀಮಸೇನನೇ ಹಿರಿಯವ. ತಾಯಿ ಬೇಗ ತೀರಿಕೊಂಡರು, ಬೆಳೆಸಿದ್ದು ಮಲತಾಯಿ. ಮಾಸ್ತರಿಕೆ ಸಂಬಳದಲ್ಲಿ ಅಷ್ಟು ದೊಡ್ಡ ಸಂಸಾರ ಹೇಗೆ ನಡೀತು ಅಂತ ನೀವೇ ಲೆಕ್ಕ ಹಾಕಿ.

ಹುಡುಗನಿಗೆ ಒಂದು ಚಟ ಇತ್ತು. ಎಲ್ಲಾದರೂ ಭಜನೆ, ಬ್ಯಾಂಡು, ಮೆರವಣಿಗೆ ಸದ್ದು ಕೇಳಿದರೆ ಅದರ ಹಿಂದೆ ಹೊರಟುಬಿಡೋದು. ಮಸೀದಿಯ ಆಜಾನ್ ಕೇಳಿದರೂ ಅದರ ಕಡೆಗೇ. ನಡೆದು ನಡೆದು ಸುಸ್ತಾಗಿ ಎಲ್ಲೋ ಒಂದು ಕಡೆ ಮಲಗಿಬಿಡೋದು. ಮನೆಯವರು ಊರೆಲ್ಲ ಹುಡುಕಿ, ಪೊಲೀಸರಿಗೆ ಹೇಳಿ ಸಾಕಾಗಿ, ಕೊನೆಗೆ ತಂದೆ ಒಂದು ಉಪಾಯ ಮಾಡಿದರು. ಹುಡುಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಅಂತ ಬರೆದರು. ಸಿಕ್ಕವರು ಮನೆಗೆ ತಂದು ಬಿಡುತ್ತಿದ್ದರು. ಈಗಿನ ಕಾಲದಲ್ಲಾದರೆ ಜಿಪಿಎಸ್ ವಾಚ್ ಕಟ್ಟುತ್ತಿದ್ದರು, ಕೆಲಸ ಅದೇ.

ಮೊದಲ ಪಾಠ ಹೇಳಿದವರು ಕುರ್ತಕೋಟಿಯ ಅಗಸರ ಚನ್ನಪ್ಪ. ಇವರ ಹೆಸರನ್ನು ಬಹಳ ಲೇಖನಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಅದು ಸರಿ ಕಾಣಲ್ಲ. ಭೈರವ, ಭೀಮಪಲಾಸಿ ಅನ್ನೋ ಎರಡು ರಾಗಗಳ ದಾರಿ ತೋರಿಸಿದ್ದು ಅವರು. ನಮ್ಮ ಕಡೆ ಹಳ್ಳಿಯಲ್ಲಿ ಕೂತು ಹಿಂದೂಸ್ತಾನಿ ಹೇಳಿಕೊಡುವವರು ಆಗ ಇದ್ದರು ಅನ್ನೋದೇ ದೊಡ್ಡ ಮಾತು. ಆದರೆ ಹುಡುಗನ ತಲೆ ಕೆಡಿಸಿದ್ದು ಬೇರೆ, ಒಂದು ಗ್ರಾಮೋಫೋನ್ ರೆಕಾರ್ಡು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿ ಕೇಳಿಬಂತು. 78 ಆರ್‌ಪಿಎಂ ತಟ್ಟೆ, ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ಹಾಡುವವರು ಎಲ್ಲವನ್ನೂ ಮೂರು ನಿಮಿಷಕ್ಕೆ ಒತ್ತಿ ತುಂಬಬೇಕಾಗಿತ್ತು. ಆ ಮೂರು ನಿಮಿಷ ಕೇಳಿ ಹುಡುಗ ತೀರ್ಮಾನ ಮಾಡಿದ, ಹಾಡಿದರೆ ಹೀಗೆ ಹಾಡಬೇಕು ಅಂತ. ಧ್ವನಿ ಮುದ್ರಣ ಅನ್ನೋ ತಂತ್ರಜ್ಞಾನ ಇಲ್ಲದೇ ಇದ್ದಿದ್ದರೆ ಗದಗದ ಮಾಸ್ತರರ ಮಗನಿಗೆ ಆ ಧ್ವನಿ ಹಾಗೆ ಅಂಗಡಿ ಮುಂದೆ ಸಿಗುತ್ತಿರಲಿಲ್ಲ. ಎಂಜಿನಿಯರಿಂಗ್ ಓದುವವರು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಬಹುದು.

1933ರಲ್ಲಿ, 11ನೇ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ. ಊಟಕ್ಕೆ ಕೂತಾಗ ಇನ್ನೊಂದು ಚಮಚ ತುಪ್ಪ ಹಾಕಲಿಲ್ಲ ಅಂತ ಸಿಟ್ಟು ಮಾಡಿಕೊಂಡು ಹೋದ ಅಂತ ಒಂದು ಕಥೆ ಇದೆ, ಎಲ್ಲರಿಗೂ ಅದು ಇಷ್ಟ. ತುಪ್ಪ ಒಂದು ನೆಪ ಅಷ್ಟೇ ಅಂತ ನನಗನ್ನಿಸುತ್ತೆ. ಗುರು ಬೇಕು ಅನ್ನೋ ಹಠ ಮೊದಲೇ ಇತ್ತು. ವಿಜಾಪುರ, ಪುಣೆ, ಆಮೇಲೆ ಗ್ವಾಲಿಯರ್. ಕೈಯಲ್ಲಿ ದುಡ್ಡಿಲ್ಲ. ರೈಲಿನಲ್ಲಿ ಜೊತೆಗಿದ್ದವರು ಕೊಟ್ಟಿದ್ದು, ಹಾಡು ಹೇಳಿ ಗಿಟ್ಟಿಸಿದ್ದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಟಿಸಿಗೂ ಒಂದು ಹಾಡು. ಗ್ವಾಲಿಯರ್‌ನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ಸಹಾಯದಿಂದ ಮಾಧವ ಸಂಗೀತ ಶಾಲೆ ಸೇರಿದ್ದಾಯಿತು. ಅಲ್ಲಿಂದ ಲಖನೌ, ರಾಮಪುರ, ದಿಲ್ಲಿ, ಕಲ್ಕತ್ತಾ. ಕಲ್ಕತ್ತಾದಲ್ಲಿ ಬಂಗಾಳಿ ನಟ ಪಹಾಡಿ ಸನ್ಯಾಲ್ ಅವರ ಮನೆಯಲ್ಲಿ ಕೆಲಸದ ಹುಡುಗನಾಗಿದ್ದ. ಎಷ್ಟೋ ವರ್ಷದ ಮೇಲೆ ದೊಡ್ಡ ಕಛೇರಿಯೊಂದರಲ್ಲಿ ಅದೇ ಸನ್ಯಾಲ್ ಕೇಳುಗರಾಗಿ ಬಂದಿದ್ದರಂತೆ, ಭೀಮಸೇನರೇ ಹೋಗಿ ನಿಮ್ಮ ಮನೆಯಲ್ಲಿದ್ದ ಜೋಶಿ ನಾನೇ ಅಂತ ತಿಳಿಸಿದರಂತೆ.

ಸುಮಾರು ಮೂರು ವರ್ಷ ಹೀಗೇ ಕಳೆಯಿತು. ಕೊನೆಗೆ ಪಂಜಾಬಿನ ಜಲಂಧರ್. ಅಲ್ಲಿ ಕಣ್ಣು ಕಾಣದ ಧ್ರುಪದ್ ಗಾಯಕ ಮಂಗತರಾಮರ ಹತ್ತಿರ ಕಲಿಕೆ. ಜಲಂಧರ್‌ನಲ್ಲಿ ಹರಿವಲ್ಲಭ ಸಂಗೀತ ಮೇಳ ಅಂತ ಬಹಳ ಹಳೆಯ ಉತ್ಸವ ನಡೆಯುತ್ತೆ. ಅಲ್ಲಿಗೆ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ನೋಡಿ, ನಿಮ್ಮ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರು ಇದ್ದಾರಲ್ಲ, ಇಷ್ಟು ದೂರ ಯಾಕೆ ಬಂದೆ ಅನ್ನುವ ಅರ್ಥದಲ್ಲಿ ಬುದ್ಧಿ ಹೇಳಿದರು ಅಂತಾರೆ. ದೇಶ ಅರ್ಧ ಸುತ್ತಿದ ಮೇಲೆ ಗೊತ್ತಾಗಿದ್ದು ಗುರು ಹುಬ್ಬಳ್ಳಿ ಹತ್ತಿರ ಕುಂದಗೋಳದಲ್ಲಿದ್ದಾರೆ ಅಂತ! ಮಗನ ಸುಳಿವು ಸಿಕ್ಕ ತಂದೆ ಜಲಂಧರ್‌ವರೆಗೂ ಹೋಗಿ ಕರೆದುಕೊಂಡು ಬಂದರು.

ಇಲ್ಲಿ ಆ ತಂದೆಯ ಬಗ್ಗೆ ಒಂದು ಮಾತು ಹೇಳಬೇಕು. ಮೂರು ವರ್ಷ ಮಗ ಕಾಣೆ. ಸಿಕ್ಕ ಮೇಲೆ ಹೊಡೆದು ಶಾಲೆಗೆ ಹಾಕಬಹುದಿತ್ತು. ಮಾಸ್ತರರ ಮಗ ಮಾಸ್ತರನೋ ಗುಮಾಸ್ತನೋ ಆಗಲಿ ಅಂತ ಎಲ್ಲರೂ ಅನ್ನುತ್ತಿದ್ದ ಕಾಲ. ಅವರು ಹಾಗೆ ಮಾಡಲಿಲ್ಲ, ಮಗನನ್ನು ಸವಾಯಿ ಗಂಧರ್ವರ ಮುಂದೆ ಒಯ್ದು ನಿಲ್ಲಿಸಿದರು. ಸಿಇಟಿ ರ‍್ಯಾಂಕ್ ಬಂದ ದಿನ ನಮ್ಮ ನಮ್ಮ ಮನೆಗಳಲ್ಲಿ ಏನೇನು ಮಾತಾಯಿತು ಅಂತ ನೆನಪಿಸಿಕೊಂಡರೆ ಈ ನಿರ್ಧಾರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಸವಾಯಿ ಗಂಧರ್ವರ ನಿಜ ಹೆಸರು ರಾಮಭಾವು ಕುಂದಗೋಳಕರ. ಅಬ್ದುಲ್ ಕರೀಂ ಖಾನರ ನೇರ ಶಿಷ್ಯ. ಅಂದರೆ ರೆಕಾರ್ಡಿನಲ್ಲಿ ಕೇಳಿದ ಆ ಧ್ವನಿಗೂ ಹುಡುಗನಿಗೂ ನಡುವೆ ಈಗ ಒಬ್ಬರೇ ಇದ್ದರು. ಕಿರಾಣಾ ಘರಾನೆ ಅನ್ನೋ ಹೆಸರು ಬಂದಿದ್ದು ಉತ್ತರ ಪ್ರದೇಶದ ಕೈರಾನಾ ಅನ್ನೋ ಊರಿನಿಂದ, ಆದರೆ ಅದು ಬೇರು ಬಿಟ್ಟು ಬೆಳೆದಿದ್ದು ನಮ್ಮ ಧಾರವಾಡ ಸೀಮೆಯಲ್ಲಿ. 1936ರಿಂದ ಸುಮಾರು 1940ರವರೆಗೆ ಭೀಮಸೇನ ಕುಂದಗೋಳದಲ್ಲಿದ್ದ. ಗುರುಗಳ ಮನೆಗೆ ನೀರು ಹೊರೋದು, ಮನೆಗೆಲಸ ಎಲ್ಲಾ ಸೇರಿ ಕಲಿಕೆ. ತೋಡಿ, ಮುಲ್ತಾನಿ, ಪೂರಿಯಾ, ಇವನ್ನೇ ವರ್ಷಗಟ್ಟಲೆ ಅರೆಯೋದು. ಮೂರೇ ರಾಗ ಸಾಕಾ ಅಂತ ನಮಗೆ ಅನ್ನಿಸಬಹುದು. ನಾವು ಒಂದು ಸೆಮಿಸ್ಟರಿಗೆ ಆರು ಸಬ್ಜೆಕ್ಟ್ ಮುಗಿಸಿ ಮುಂದಿನ ತಿಂಗಳು ಮರೆಯುವವರು. ಹುಬ್ಬಳ್ಳಿಯಿಂದ ಬಂದು ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ ಅದೇ ಗುರುವಿನ ಶಿಷ್ಯೆ. ವಯಸ್ಸಿನಲ್ಲಿ ಭೀಮಸೇನನಿಗಿಂತ ಒಂಬತ್ತು ವರ್ಷ ದೊಡ್ಡವರು, ಕೊನೆವರೆಗೂ ಇಬ್ಬರದೂ ಅಕ್ಕ ತಮ್ಮನ ಸಂಬಂಧ.

ಕಲಿತಿದ್ದೇನೋ ಆಯಿತು, ಹೊಟ್ಟೆ ಹೇಗೆ? ರಾಜರು, ಸಂಸ್ಥಾನಗಳು ಗಾಯಕರನ್ನು ಸಾಕುವ ಕಾಲ ಮುಗಿಯುತ್ತಾ ಬಂದಿತ್ತು. ಟಿಕೆಟ್ ಇಟ್ಟು ಕಛೇರಿ ಮಾಡುವಷ್ಟು ಹೆಸರು ಇನ್ನೂ ಇರಲಿಲ್ಲ. ಈ ನಡುವಿನ ಜಾಗದಲ್ಲಿ ಬಂದದ್ದೇ ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಕೇಂದ್ರ ಶುರು ಮಾಡಿ ಆಕಾಶವಾಣಿ ಅನ್ನೋ ಹೆಸರು ಚಾಲ್ತಿಗೆ ತಂದಿದ್ದು ನಿಮಗೆ ಗೊತ್ತಿರಬಹುದು. ಅದರ ಮುಂದಿನ ವರ್ಷ ದೇಶದ ಮಟ್ಟದಲ್ಲಿ ಆಲ್ ಇಂಡಿಯಾ ರೇಡಿಯೋ ಅನ್ನುವ ಹೆಸರು ಬಂತು. ಕೇಂದ್ರಗಳಿಗೆ ದಿನಾ ಹಾಡುವವರು ಬೇಕು, ಹಾಡುವವರಿಗೆ ತಿಂಗಳ ಸಂಬಳ ಬೇಕು. ಭೀಮಸೇನ ಮೊದಲು ಲಖನೌ ರೇಡಿಯೋದಲ್ಲಿ ಸಣ್ಣ ಸಂಬಳಕ್ಕೆ ಹಾಡಿದ, 1943ರಲ್ಲಿ ಮುಂಬೈಗೆ ಬಂದು ಅಲ್ಲಿ ರೇಡಿಯೋ ಕಲಾವಿದನಾದ. 21 ವಯಸ್ಸು. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು.

ಆ ಮುಂಬೈ ನೆನೆಸಿಕೊಂಡರೆ ಆಶ್ಚರ್ಯ ಆಗುತ್ತೆ. ಎರಡನೇ ಮಹಾಯುದ್ಧ ನಡೀತಾ ಇದೆ. ಅದೇ ಮುಂಬೈ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದವರು ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಬಂದ ಯಹೂದಿ. ಬೆಳಿಗ್ಗೆ ಆಕಾಶವಾಣಿ ಶುರುವಾಗುವಾಗ ತಂಬೂರಿಯ ಮೇಲೆ ವಯೊಲಿನ್ ಬರುತ್ತಲ್ಲ, ಆ ಟ್ಯೂನ್ ಮಾಡಿದವರು ಅಂತ ಅವರನ್ನೇ ಹೇಳುತ್ತಾರೆ. ಊರಿನ ಇನ್ನೊಂದು ತುದಿಯಲ್ಲಿ ಹೋಟೆಲುಗಳಲ್ಲಿ ಗೋವಾದ ಹುಡುಗರು ಟ್ರಂಪೆಟ್ ಹಿಡಿದು ಜಾಝ್ ನುಡಿಸುತ್ತಿದ್ದರು, ಚಿಕ್ ಚಾಕೊಲೇಟ್ ಅಂತ ಅವರಲ್ಲೊಬ್ಬನ ಹೆಸರು. ಯಹೂದಿ ವಿದ್ವಾಂಸ, ಗೋವಾದ ಜಾಝ್‌ನವರು, ರೋಣದ ಖಯಾಲ್ ಗಾಯಕ, ಎಲ್ಲರೂ ಒಂದೇ ಊರಿನಲ್ಲಿ ಸಂಗೀತದ ಅನ್ನ ತಿನ್ನುತ್ತಿದ್ದರು.

ರೇಡಿಯೋ ಅನ್ನ ಕೊಟ್ಟಿತು, ಆದರೆ ಅದರದ್ದೇ ಕೆಲವು ವಿಚಿತ್ರ ನಿಯಮ ಇದ್ದವು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ! ಕಾರಣ ಸ್ವಲ್ಪ ಗಣಿತದ್ದು, ಅದಕ್ಕೇ ಹೇಳ್ತೀನಿ. ಹಾರ್ಮೋನಿಯಂನಲ್ಲಿ ಸಪ್ತಕವನ್ನು 12 ಸಮಾನ ಪಾಲು ಮಾಡಿರುತ್ತಾರೆ. ಪ್ರತಿ ಮೆಟ್ಟಿಲೂ ಹಿಂದಿನದರ 1.0595 ಪಟ್ಟು. ಹೀಗೆ ಏಳು ಮೆಟ್ಟಿಲು ಹತ್ತಿದರೆ ಪಂಚಮ 1.4983 ಆಗುತ್ತೆ, ಕಿವಿಗೆ ಶುದ್ಧವಾಗಿ ಕೇಳೋದು 1.5. ಪಂಚಮದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಗಾಂಧಾರ 1.25 ಇರಬೇಕಾದ್ದು 1.2599 ಆಗುತ್ತೆ, ಅದು ತಂಬೂರಿ ಪಕ್ಕದಲ್ಲಿ ಚುಚ್ಚುತ್ತೆ. ಮೇಲಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಹಾರ್ಮೋನಿಯಂಗೆ ಬರಲ್ಲ, ಅಲ್ಲಿರೋದು ಮೆಟ್ಟಿಲು ಮಾತ್ರ. ವಾದ ತಪ್ಪೇನಲ್ಲ. ಆದರೆ ಭೀಮಸೇನರು ತಮ್ಮ ಕಛೇರಿಗಳಲ್ಲಿ ಜೀವನಪೂರ್ತಿ ಹಾರ್ಮೋನಿಯಂ ಜೊತೆಗೇ ಹಾಡಿದವರು. ಹೊರಗೆ ಸಾವಿರಾರು ಜನರ ಮುಂದೆ ನಡೆಯುವ ಪೆಟ್ಟಿಗೆ ಸ್ಟುಡಿಯೋ ಒಳಗೆ ನಡೆಯುವಂತಿಲ್ಲ. ನಿಯಮ ಮಾಡುವವರು ಒಂದು ದಿನ ಅವರ ಕಛೇರಿಗೆ ಬಂದು ಕೂರಬೇಕಿತ್ತು ಅನ್ನಿಸುತ್ತೆ.

1946ರಲ್ಲಿ ಪುಣೆಯಲ್ಲಿ ಗುರುಗಳ 60ನೇ ಹುಟ್ಟುಹಬ್ಬದ ಕಾರ್ಯಕ್ರಮ. ಅಲ್ಲಿ ಹಾಡಿದ ಮೇಲೆ ಭೀಮಸೇನ ಜೋಶಿ ಅನ್ನೋ ಹೆಸರು ನಿಂತಿತು. 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಶುರುವಾಯಿತು, ಮಲ್ಲಿಕಾರ್ಜುನ ಮನ್ಸೂರ್ ಮುಂದೆ ಅಲ್ಲಿ ಸಂಗೀತ ಸಲಹೆಗಾರರಾದರು. 1952ರಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಿಂದ ರೇಡಿಯೋ ಸಂಗೀತ ಸಮ್ಮೇಳನ. ಆಗ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಕಡಿಮೆ ಮಾಡಿ ಶಾಸ್ತ್ರೀಯ ಸಂಗೀತ ತುಂಬಿದರು, ಜನ ಸಿನಿಮಾ ಹಾಡಿಗೆ ರೇಡಿಯೋ ಸಿಲೋನ್ ಕಡೆ ತಿರುಗಿಸಿದರು. ಆದರೂ ಹಳ್ಳಿ ಪಂಚಾಯತಿ ಕಟ್ಟೆಯ ರೇಡಿಯೋದಲ್ಲಿ, ಚಹಾ ಅಂಗಡಿಯಲ್ಲಿ, ದುಡ್ಡು ಕೊಟ್ಟು ಕಛೇರಿಗೆ ಹೋಗಲಾಗದ ಜನಕ್ಕೆ ಈ ಧ್ವನಿ ಪುಕ್ಕಟೆ ಸಿಕ್ಕಿತು.

ಸಂದರ್ಶನ ಕೊಡುವ ವಿಷಯದಲ್ಲಿ ಮಾತ್ರ ಅವರು ಜಿಪುಣ. ಅಮೆರಿಕದ ಕಡೆ ನೋಡಿದರೆ 1955ರಿಂದ ವಿಲ್ಲಿಸ್ ಕಾನೋವರ್ ಅನ್ನೋ ರೇಡಿಯೋದವನು ವಾಯ್ಸ್ ಆಫ್ ಅಮೆರಿಕದಲ್ಲಿ ಜಾಝ್ ಕಲಾವಿದರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದ, ಡ್ಯೂಕ್ ಎಲಿಂಗ್ಟನ್ ಅಂಥವರೂ ಅವನ ಮುಂದೆ ತಮ್ಮ ಸಂಗೀತದ ಒಳಗುಟ್ಟು ಬಿಡಿಸಿ ಹೇಳುತ್ತಿದ್ದರು. ನಮ್ಮಲ್ಲಿ ಗಾಯಕರನ್ನು ಮಾತಾಡಿಸಿದಾಗ ಪ್ರಶ್ನೆ ಬಹುತೇಕ ಗುರು ಯಾರು, ಮನೆ ಯಾಕೆ ಬಿಟ್ಟಿರಿ ಅನ್ನೋದರಲ್ಲೇ ತಿರುಗುತ್ತೆ. ಭೀಮಸೇನರಿಗೂ ಅದೇ ತುಪ್ಪ, ಅದೇ ರೈಲು, ಅದೇ ನೀರು ಹೊತ್ತ ಕಥೆ. ಅವರು ಸಣ್ಣ ಸಣ್ಣ ವಾಕ್ಯದಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದರು. ತಾನ್ ಹಾಕುವಾಗ ಉಸಿರು ಎಲ್ಲಿ ತಗೋತೀರಿ, ಮೈಕ್ ಮುಂದೆ ಹಾಡುವಾಗ ದನಿ ಬದಲಿಸುತ್ತೀರಾ, ಮಂದ್ರದಲ್ಲಿ ಎಷ್ಟು ಹೊತ್ತು ಸಾಧನೆ, ಇಂಥ ಪ್ರಶ್ನೆಗಳನ್ನು ಇನ್ನೂ ಜಾಸ್ತಿ ಜನ ಕೇಳಬೇಕಿತ್ತು. 1992ರಲ್ಲಿ ಗುಲ್ಜಾರ್ ಅವರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಆ ಮೌನಿ ಮನುಷ್ಯ ಸ್ವಲ್ಪವಾದರೂ ಬಿಚ್ಚಿಕೊಂಡಿದ್ದು ಅದರಲ್ಲಿ.

ಸಿನಿಮಾಕ್ಕೂ ಹಾಡಿದರು, ಕಡಿಮೆ. 1956ರ ಹಿಂದಿಯ ಬಸಂತ್ ಬಹಾರ್‌ನಲ್ಲಿ ಮನ್ನಾ ಡೇ ಜೊತೆ ಸ್ಪರ್ಧೆಯ ಹಾಡು. ಕಥೆಯಲ್ಲಿ ನಾಯಕ ಗೆಲ್ಲಬೇಕು, ನಾಯಕನಿಗೆ ಹಾಡಿದ್ದು ಮನ್ನಾ ಡೇ, ಹಾಗಾಗಿ ಭೀಮಸೇನರು ಸೋಲಬೇಕು! ಆ ಸಿನಿಮಾದ ಮೂಲ ನಮ್ಮ ತರಾಸು ಅವರ ಹಂಸಗೀತೆ ಕಾದಂಬರಿ ಅನ್ನೋದು ಇನ್ನೊಂದು ಖುಷಿ. ಕನ್ನಡದಲ್ಲಿ 1966ರ ಸಂಧ್ಯಾರಾಗಕ್ಕೆ ಹಾಡಿದರು. 1985ರ ಅನ್‌ಕಹೀ ಹಿಂದಿ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ. ಪುಣೆ ಆಕಾಶವಾಣಿಯಲ್ಲಿದ್ದ ರಾಮ್ ಫಾಟಕ್ ರಾಗ ಹಾಕಿದ ಅಭಂಗಗಳಿಂದ ಮಹಾರಾಷ್ಟ್ರದ ಮನೆಮನೆಗೆ ಹೋದರು, ದಾಸರ ಪದಗಳಿಂದ ನಮ್ಮ ಮನೆಮನೆಗೆ. ಅವರು ಪುಣೆಯವರು ಅಂತ ಮರಾಠಿಯವರು, ನಮ್ಮವರು ಅಂತ ನಾವು ಎಳೆದಾಡೋದು ಇನ್ನೂ ನಡೀತಿದೆ. ದಾಸವಾಣಿ ಹಾಡುವಾಗಿನ ಕನ್ನಡ ಉಚ್ಚಾರ ಕೇಳಿದರೆ ಗದಗ ಸೀಮೆ ಎದ್ದು ಬರುತ್ತೆ, ಹಾಗಂತ ಮನೆ ಕೊಟ್ಟ ಊರನ್ನು ಮರೆಯೋಕಾಗಲ್ಲ. 1988ರ ಮಿಲೇ ಸುರ್‌ನ ಭೈರವಿಯಲ್ಲಿ ಮೊದಲ ದನಿ ಅವರದ್ದು. ಅದರ ಸಂಗೀತ ಜೋಡಣೆಯಲ್ಲಿ ಕೆಲಸ ಮಾಡಿದವರಲ್ಲಿ ಜಾಝ್ ಪಿಯಾನೋದ ಲೂಯಿಸ್ ಬ್ಯಾಂಕ್ಸ್ ಒಬ್ಬರು.

ಇಷ್ಟೆಲ್ಲ ಹೊಗಳಿ ಮನೆಯೊಳಗಿನ ವಿಷಯ ಬಿಟ್ಟರೆ ಅರ್ಧ ಬರೆದ ಹಾಗೆ. 1944ರಲ್ಲಿ ಸೋದರಮಾವನ ಮಗಳು ಸುನಂದಾ ಜೊತೆ ಮದುವೆಯಾಯಿತು, ನಾಲ್ಕು ಮಕ್ಕಳು. 1951ರಲ್ಲಿ, ಭಾಗ್ಯಶ್ರೀ ಅನ್ನೋ ಕನ್ನಡ ನಾಟಕದಲ್ಲಿ ಜೊತೆಗಿದ್ದ ವತ್ಸಲಾ ಅವರನ್ನು ಎರಡನೇ ಮದುವೆ ಆದರು. ಮುಂಬೈ ಪ್ರಾಂತ್ಯದಲ್ಲಿ ಎರಡು ಮದುವೆಗೆ ಕಾನೂನು ಅಡ್ಡ ಇತ್ತು, ಅದಕ್ಕೆ ನಾಗಪುರಕ್ಕೆ ಹೋಗಿ ಆದರು. ಮೊದಲ ಹೆಂಡತಿಯ ಮಗ ರಾಘವೇಂದ್ರ ಜೋಶಿ ಮುಂದೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು, ಹೆಸರಿನ ಅರ್ಥ ಹಾಡುವವನ ಮಗ ಅಂತ. ಅಪ್ಪನ ಅಂಗಿ ಮೇಲೆ ಮಾಸ್ತರರ ಮಗ ಅಂತಿತ್ತು, ಮಗನ ಪುಸ್ತಕದ ಮೇಲೆ ಹಾಡುವವನ ಮಗ. ಕುಡಿತವೂ ಇತ್ತು, ಕಛೇರಿಗಳೇ ಹಾಳಾಗುವ ಮಟ್ಟಿಗೆ. 1970ರ ದಶಕದ ಕೊನೆಗೆ ಬಿಟ್ಟರು, ಬಿಟ್ಟಮೇಲೆ ಮತ್ತೆ ಆ ಕಡೆ ಹೋಗಲಿಲ್ಲ. ಅದು ಯಾವ ಪದ್ಮ ಪ್ರಶಸ್ತಿಗೂ ಕಡಿಮೆ ಸಾಧನೆ ಅಲ್ಲ ಅಂತ ನನ್ನ ಅಭಿಪ್ರಾಯ. ಹಾಡು ದೊಡ್ಡದು ಅಂತ ಮನೆಯವರ ನೋವು ಸಣ್ಣದಾಗಲ್ಲ, ನೋವು ಇತ್ತು ಅಂತ ಹಾಡು ಸುಳ್ಳಾಗಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಕೇಳಬೇಕಾಗುತ್ತೆ.

ಮೆಕ್ಯಾನಿಕಲ್ ಬ್ರಾಂಚಿನವರಿಗಾಗಿ ಇದೊಂದು: ಅವರಿಗೆ ಕಾರಿನ ಹುಚ್ಚು. ಕಛೇರಿಗೆ ನೂರಾರು ಕಿಲೋಮೀಟರ್ ತಾವೇ ಓಡಿಸಿಕೊಂಡು ಹೋಗಿ, ಹಾಡಿ, ಮತ್ತೆ ಮುಂದಿನ ಊರಿಗೆ. ಎಂಜಿನ್ ಕೆಟ್ಟರೆ ಬಾನೆಟ್ ಎತ್ತಿ ರಿಪೇರಿಗೂ ಸೈ. ವಿಮಾನದಲ್ಲಿ ಓಡಾಡೋದು ಜಾಸ್ತಿಯಾದ ಮೇಲೆ ಜನ ತಮಾಷೆಗೆ ಸವಾಯಿ ಗಂಧರ್ವರ ಶಿಷ್ಯ ಹವಾಯಿ ಗಂಧರ್ವ ಅನ್ನುತ್ತಿದ್ದರು.

ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ನೆನಪಿಗೆ ಪುಣೆಯಲ್ಲಿ ಸಂಗೀತ ಉತ್ಸವ ಶುರುವಾಯಿತು. ಕಲಾವಿದರನ್ನು ಕರೆಯೋದು, ರಾತ್ರಿಯಿಡೀ ಕೂತು ನೋಡಿಕೊಳ್ಳೋದು, ಕೊನೆಗೆ ತಾವು ಹಾಡೋದು, ಹೀಗೆ ಸುಮಾರು ಐವತ್ತು ವರ್ಷ ಭೀಮಸೇನರೇ ಅದನ್ನು ಎಳೆದರು. ಪದ್ಮಶ್ರೀ 1972, ಪದ್ಮಭೂಷಣ 1985, ಪದ್ಮವಿಭೂಷಣ 1999, ಕರ್ನಾಟಕ ರತ್ನ 2005. 2007ರ ಉತ್ಸವದಲ್ಲಿ, 85ರ ವಯಸ್ಸಿನಲ್ಲಿ, ಗುರುಗಳ ಹೆಸರಿನ ಅದೇ ವೇದಿಕೆಯಲ್ಲಿ ಕೊನೇ ಸಲ ಹಾಡಿದರು. 2008ರ ನವೆಂಬರ್‌ನಲ್ಲಿ ಭಾರತರತ್ನ ಘೋಷಣೆಯಾಯಿತು. ದಿಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ, ಅದನ್ನು ಪುಣೆಯ ಮನೆಗೇ ತಂದು ಕೊಟ್ಟರು.

2011ರ ಜನವರಿ 24ರಂದು ಪುಣೆಯ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. 89ನೇ ಹುಟ್ಟುಹಬ್ಬಕ್ಕೆ 11 ದಿನ ಬಾಕಿ ಇತ್ತು. ಗುರುವಿನ ಹೆಸರಿನಲ್ಲಿ ಅವರು ನಡೆಸಿದ ಉತ್ಸವಕ್ಕೆ ಆಮೇಲೆ ಅವರ ಹೆಸರನ್ನೂ ಸೇರಿಸಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಅಂತ ಕರೆಯುತ್ತಿದ್ದಾರೆ, ಡಿಸೆಂಬರಿನಲ್ಲಿ ನಡೆಯುತ್ತೆ, ನಮ್ಮ ಸೆಮಿಸ್ಟರ್ ಎಕ್ಸಾಂ ಹತ್ತಿರ ಇರುವ ಹೊತ್ತಿಗೆ.